ಗೋ ಅರೌಂಡ್ ಎಂದವರ ಮಾತಿಗೆ ಬೆಲೆ ಎಷ್ಟು?

2010ರ ಮೇ 22ರ ಬಜ್ಪೆ ವಿಮಾನ ದುರಂತದ ಮಾತು ಬಂದಾಗಲೆಲ್ಲ ಎರಡೇ ಉತ್ತರ ಕೇಳಿಬರುತ್ತವೆ: ಪೈಲಟ್ ನಿದ್ದೆ ಹೋಗಿದ್ದರು, ಇಲ್ಲವೇ ರನ್‌ವೇ ಗುಡ್ಡದ ನೆತ್ತಿಯಲ್ಲಿತ್ತು. ಎರಡೂ ಸುಳ್ಳಲ್ಲ. ದುಬೈಯಿಂದ ಬಂದ ಆ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ಕ್ಯಾಪ್ಟನ್ನರ ಗೊರಕೆ ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ಉಳಿದಿದೆ. ಆದರೆ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆ ಹೊರಗೆಡಹಿದ ಇನ್ನೊಂದು ಸಂಗತಿ ಇವೆರಡಕ್ಕಿಂತ ಕಳವಳಕಾರಿ. ವಿಮಾನ ಇರಬೇಕಾದ ಎತ್ತರಕ್ಕಿಂತ ತೀರಾ ಮೇಲಿತ್ತು. ಇಳಿಸುವುದು ಬೇಡ, ಮತ್ತೆ ಮೇಲೇರಿ ಎಂದು ಸಹ ಪೈಲಟ್ ಮೂರು ಸಲ ‘ಗೋ ಅರೌಂಡ್’ ಹೇಳಿದರು. ಯಂತ್ರವೂ ಪದೇ ಪದೇ ಎಚ್ಚರಿಸಿತು. ಆದರೂ ಕ್ಯಾಪ್ಟನ್ ಇಳಿಸಿದರು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಸಹ ಪೈಲಟ್ ತಾವೇ ವಿಮಾನವನ್ನು ಏಕೆ ಎತ್ತಲಿಲ್ಲ? ಅವರಿಗೆ ಆ ಅಧಿಕಾರ ಇದೆಯೇ ಎಂಬ ಬಗ್ಗೆ ಸೂಚನೆಗಳಲ್ಲೇ ಇದ್ದ ಗೊಂದಲ ಬಹುಶಃ ಕಾರಣ ಎನ್ನುತ್ತದೆ ವರದಿ.

ಇದು ಒಬ್ಬ ಕ್ಯಾಪ್ಟನ್ನರ ಹಟಕ್ಕೆ ಮುಗಿಯುವ ಕಥೆಯಾಗಿದ್ದರೆ 2020ರ ಆಗಸ್ಟ್ 7ರಂದು ಕೋಳಿಕ್ಕೋಡಿನಲ್ಲಿ ಅದೇ ಕಥೆ ಮರುಕಳಿಸಬಾರದಿತ್ತು. ಅದೇ ಕಂಪನಿ, ಅದೇ ದುಬೈ, ಗುಡ್ಡದ ನೆತ್ತಿಯ ಮತ್ತೊಂದು ಟೇಬಲ್‌ಟಾಪ್ ರನ್‌ವೇ. ಅಲ್ಲೂ ಸಹ ಪೈಲಟ್ ಗೋ ಅರೌಂಡ್ ಎಂದರು, ಅಲ್ಲೂ ವಿಮಾನ ಇಳಿಯಿತು, 21 ಮಂದಿ ಸತ್ತರು. ಈ ಸಲದ ತನಿಖಾ ವರದಿ, ಸಹ ಪೈಲಟ್ ನಿಯಂತ್ರಣ ವಹಿಸಿಕೊಳ್ಳಲಿಲ್ಲ ಎಂಬುದನ್ನೂ ಲೋಪವೆಂದೇ ಬರೆಯಿತು. ಅಂದರೆ ಹತ್ತು ವರ್ಷಗಳಲ್ಲಿ ಹೊಣೆಯೇನೋ ಕಿರಿಯರ ಹೆಗಲಿಗೂ ಬಂತು, ಹಿರಿಯರ ಕೈಯಿಂದ ವಿಮಾನ ಕಿತ್ತುಕೊಳ್ಳುವ ಧೈರ್ಯ ಮಾತ್ರ ಬರಲಿಲ್ಲ. ಹಿರಿಯರೆದುರು ದನಿ ಎತ್ತಬಾರದೆಂದು ಮನೆಯಲ್ಲೂ ಆಫೀಸಿನಲ್ಲೂ ಕಲಿಸುವ ಸಮಾಜದಲ್ಲಿ ಆ ಧೈರ್ಯ ಸುತ್ತೋಲೆಯಿಂದ ಬರುವುದೂ ಇಲ್ಲ.

ರನ್‌ವೇಯೇ ಮೂಲ ಎನ್ನುವವರ ವಾದದಲ್ಲಿ ಹುರುಳಿದೆ. ಬಜ್ಪೆಯಲ್ಲಿ ವಿಮಾನ ಬಿದ್ದ ಕಮರಿ ಇಲ್ಲದಿದ್ದರೆ ಸಾವು ಖಂಡಿತ ಕಡಿಮೆಯಾಗುತ್ತಿತ್ತು. ಆದರೆ ಅಲ್ಲಿ ಅಷ್ಟು ಮುಂದೆ ಇಳಿದ ಮೇಲೂ ಪೂರ್ತಿ ಬ್ರೇಕ್ ಹಾಕಿದ್ದರೆ ವಿಮಾನ ರನ್‌ವೇಯಲ್ಲೇ ನಿಲ್ಲುತ್ತಿತ್ತೆಂದು ಲೆಕ್ಕ ಹಾಕಲಾಗಿದೆ. ಕ್ಯಾಪ್ಟನ್ ನಿಲ್ಲಿಸಲು ಹೊರಟು, ನಡುವೆ ಮನಸ್ಸು ಬದಲಿಸಿ ಮೇಲೇರಲು ನೋಡಿದರು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ನೆಲ ಹತ್ತಿರವಾದಾಗ ಇಬ್ಬರೂ ನಿಯಂತ್ರಣಕ್ಕೆ ಕೈಹಾಕಿದರೆ ಅನಾಹುತವಾಗದೇ? ಆಗುತ್ತದೆ. ಆದ್ದರಿಂದಲೇ ಜಗಳ ಕೊನೆಯ ಕ್ಷಣಕ್ಕೆ ಬರಬಾರದು. ಮೊದಲ ಗೋ ಅರೌಂಡ್ ಮಾತೇ ಯಾರ ಬಾಯಿಂದ ಬಂದರೂ ಆದೇಶವಾಗಬೇಕು, ಸರಿಯೋ ತಪ್ಪೋ ಎಂಬ ಚರ್ಚೆ ಮೇಲೇರಿದ ಮೇಲೆ ನಡೆಯಲಿ. ಅನಗತ್ಯವಾಗಿ ಮೇಲೇರಿದರೆ ಹೋಗುವುದು ಒಂದಷ್ಟು ಇಂಧನ, ಹತ್ತಿಪ್ಪತ್ತು ನಿಮಿಷ.

ಹಾಗೆ ನಡೆಯುತ್ತಿದೆಯೇ ಎಂದು ನೋಡಲು ದಾರಿಯಿದೆ: ಪ್ರತಿ ಹಾರಾಟದ ದತ್ತಾಂಶ ಓದುವ ವ್ಯವಸ್ಥೆ ಕಂಪನಿಗಳಲ್ಲಿದೆ. ಇಳಿಕೆ ಹದ ತಪ್ಪಿದ್ದರೂ ಗೋ ಅರೌಂಡ್ ಮಾಡದೆ ಇಳಿದ ವಿಮಾನಗಳೆಷ್ಟು ಎಂಬ ಕಂಪನಿವಾರು ಲೆಕ್ಕವನ್ನು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಪ್ರತಿ ವರ್ಷ ಟಿಕೆಟ್ ಕೊಳ್ಳುವವರ ಮುಂದಿಡಲಿ.