ಗೃಹಾರೋಗ್ಯ: ಯೋಧನ ಸುಟ್ಟಗಾಯವೂ ಮೂರು ಅಕ್ಷರಗಳೂ

ಹಾಲು ಉಕ್ಕಿ ಕೈಮೇಲೆ ಬಿದ್ದರೆ ಬೊಬ್ಬೆ ಏಳುವುದು. ನಾಲ್ಕಾರು ದಿನ ಉರಿಯುವುದು. ಅನಂತರ ಚರ್ಮವು ಕೂಡಿಕೊಂಡು ಎಲ್ಲವೂ ಮರೆತುಹೋಗುವುದು. ಆದುದರಿಂದಲೇ ಗಾಯ ಮುಚ್ಚಿತೆಂದರೆ ವ್ಯಾಧಿಯು ಮುಗಿಯಿತೆಂದು ನಾವೆಲ್ಲರೂ ನಂಬಿರುವೆವು. ಆಳವಾಗಿ ಬೆಂದ ಮೈಯ ವಿಷಯದಲ್ಲಿ ಈ ನಂಬಿಕೆಯು ಎಷ್ಟು ತಪ್ಪೆಂಬುದನ್ನು ಯುದ್ಧದಲ್ಲಿ ಸುಟ್ಟುಕೊಂಡ ಯೋಧರ ವೃತ್ತಾಂತದಿಂದ ತಿಳಿಯಬಹುದು. ಈ ತಿಂಗಳು ಅದನ್ನೇ ವಾಚಕರ ಮುಂದಿಡುವೆವು.

ಎರಡನೆಯ ಮಹಾಯುದ್ಧದಲ್ಲಿ ಉರಿಯುವ ಪೆಟ್ರೋಲಿನಿಂದ ಮುಖವನ್ನೂ ಕೈಗಳನ್ನೂ ಸುಟ್ಟುಕೊಂಡ ವಿಮಾನಭಟರು ಇಂಗ್ಲೆಂಡಿನ ಈಸ್ಟ್ ಗ್ರಿನ್‌ಸ್ಟೆಡ್ ಎಂಬ ಸಣ್ಣ ಊರಿನ ಕ್ವೀನ್ ವಿಕ್ಟೋರಿಯಾ ಆಸ್ಪತ್ರೆಗೆ ಬರುತ್ತಿದ್ದರು. ಅಲ್ಲಿನ ಶಸ್ತ್ರವೈದ್ಯರಾದ ಆರ್ಚಿಬಾಲ್ಡ್ ಮೆಕಿಂಡೋ ಎಂಬವರು, ಸಮುದ್ರದಲ್ಲಿ ಬಿದ್ದು ಬದುಕಿದವರ ಗಾಯಗಳು ಮಿಕ್ಕವರವುಗಳಿಗಿಂತ ಚೆನ್ನಾಗಿ ಮಾಯುವುದನ್ನು ಕಂಡು, ಉಪ್ಪುನೀರಿನ ಸ್ನಾನವನ್ನು ಚಿಕಿತ್ಸೆಯಲ್ಲಿ ಸೇರಿಸಿದರು. ಒಬ್ಬೊಬ್ಬನಿಗೆ ಹಲವು ಸಾರಿ, ವರ್ಷಗಳ ಕಾಲ, ಚರ್ಮದ ಕಸಿಯಾಗಬೇಕಾಗಿತ್ತು. ೧೯೪೧ರಲ್ಲಿ ಈ ರೋಗಿಗಳೇ ‘ಗಿನಿ ಪಿಗ್ ಕ್ಲಬ್ಬು’ ಎಂಬ ಸಂಘವನ್ನು ಕಟ್ಟಿಕೊಂಡರು. ಮುಂದೆ ಅದರಲ್ಲಿ ೬೪೯ ಮಂದಿ ಸೇರಿದರು. ಹಣವನ್ನೆತ್ತಿಕೊಂಡು ಓಡದಿರಲೆಂದು ಕಾಲು ಸುಟ್ಟವನನ್ನು ಖಜಾಂಚಿಯನ್ನಾಗಿಯೂ, ಉದ್ದುದ್ದ ವರದಿ ಬರೆಯದಿರಲೆಂದು ಬೆರಳು ಸುಟ್ಟವನನ್ನು ಕಾರ್ಯದರ್ಶಿಯನ್ನಾಗಿಯೂ ಆರಿಸಿದರೆಂದು ಅವರು ನಗುತ್ತಾ ಹೇಳಿಕೊಳ್ಳುತ್ತಿದ್ದರಂತೆ. ಆ ಊರಿನವರು ಈ ಮುಖಗಳನ್ನು ದಿಟ್ಟಿಸಿ ನೋಡದೆ, ಮನೆಗೆ ಕರೆದು ಆದರಿಸಿದರು. ಇದೂ ಚಿಕಿತ್ಸೆಯ ಒಂದು ಭಾಗವೆಂದೇ ಮೆಕಿಂಡೋರವರ ಮತವಾಗಿತ್ತು.

ಈಚಿನ ಇರಾಕ್, ಆಫ್ಘಾನಿಸ್ತಾನ ಯುದ್ಧಗಳಲ್ಲಿ ಬಾಂಬು ಸಿಡಿದು ಬೆಂದ ಅಮೆರಿಕದ ಯೋಧರನ್ನು ಜರ್ಮನಿಯ ಲಾಂಡ್‌ಸ್ಟೂಲ್ ಆಸ್ಪತ್ರೆಯ ಮಾರ್ಗವಾಗಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ನಗರದ ಸೈನ್ಯದ ಸುಟ್ಟಗಾಯಗಳ ಚಿಕಿತ್ಸಾಲಯಕ್ಕೆ ವಿಮಾನದಲ್ಲಿ ಸಾಗಿಸುತ್ತಿದ್ದರು. ಹಿಂದೆ ಸಾಯತಕ್ಕವರಾಗಿದ್ದ ಅನೇಕರು ಹೀಗೆ ಬದುಕಿದರು. ಬದುಕಿದ ಮೇಲೆ ಮುಂದೇನು? ಪ್ರಶ್ನೆಯಿರುವುದು ಇಲ್ಲಿಯೇ.

ಆಳವಾದ ಗಾಯದ ಕಲೆಯು ತಿಂಗಳುಗಟ್ಟಲೆ ದಪ್ಪವಾಗುತ್ತಲೂ ಬಿಗಿಯುತ್ತಲೂ ಹೋಗುತ್ತದೆ. ಬೆರಳು, ಮೊಳಕೈ, ಕತ್ತುಗಳನ್ನು ಅದು ಎಳೆದು ಮಡಿಸಿಬಿಡಬಲ್ಲುದು. ಇದನ್ನು ತಡೆಯಲು ಪಟ್ಟಿ ಕಟ್ಟುವುದು, ಪ್ರತಿದಿನವೂ ಕೀಲುಗಳನ್ನು ನೀಡಿಸುವುದು, ಒತ್ತಿ ಹಿಡಿಯುವ ಬಿಗಿ ಉಡುಪನ್ನು ಹಗಲಿರುಳೂ ತೊಡುವುದು ಆವಶ್ಯಕವಾಗುತ್ತದೆ. ಕಸಿಮಾಡಿದ ಚರ್ಮವು ಸರಿಯಾಗಿ ಬೆವರಲಾರದು. ಆದುದರಿಂದ ಬೇಸಗೆಯು ಅಂತಹವರಿಗೆ ಅಪಾಯಕರ. ತುರಿಕೆ, ನಿದ್ರಾಭಂಗ, ದುಃಸ್ವಪ್ನಗಳು ಬೇರೆ. ಹಳೆಯ ಕಲೆಯಲ್ಲಿ ಹತ್ತಾರು ವರ್ಷಗಳ ಅನಂತರ ಅರ್ಬುದರೋಗವು, ಅಂದರೆ ಕ್ಯಾನ್ಸರು, ಹುಟ್ಟುವುದೂ ಅಪೂರ್ವವಾಗಿ ಉಂಟು.

ಇಷ್ಟು ದೀರ್ಘವಾದ ಕಥೆಯಲ್ಲಿ ವೈದ್ಯರು ಬದಲಾಗುತ್ತಾರೆ, ಊರೂ ಬದಲಾಗುತ್ತದೆ. ಉಳಿಯುವುದು ಕಾಗದವೊಂದೇ. ಅದಕ್ಕಾಗಿ ಅಮೆರಿಕದ ಆಸ್ಪತ್ರೆಗಳು ೨೦೧೫ನೆಯ ಅಕ್ಟೋಬರಿನಿಂದ ರೋಗಸಂಕೇತಗಳ ಹತ್ತನೆಯ ಪರಿಷ್ಕರಣವನ್ನು ಬಳಸುತ್ತಿವೆ. ಬಲಗೈಯ ಮೂರನೆಯ ದರ್ಜೆಯ ಸುಟ್ಟಗಾಯಕ್ಕೆ ‘ಟಿ ೨೩.೩೦೧’ ಎಂಬ ಸಂಕೇತವಿದೆ. ಮೈಯಲ್ಲಿ ಎಷ್ಟು ಭಾಗ ಬೆಂದಿತೆಂಬುದನ್ನು ‘ಟಿ ೩೧’ ತಿಳಿಸುತ್ತದೆ. ಇದಕ್ಕೆ ತಲೆಯು ೯, ಒಂದೊಂದು ತೋಳು ೯, ಒಂದೊಂದು ಕಾಲು ೧೮, ಎದೆಹೊಟ್ಟೆ ೧೮, ಬೆನ್ನು ೧೮, ಗುಹ್ಯಭಾಗ ೧ ಎಂದು ನೂರರ ಲೆಕ್ಕ. ಯುದ್ಧದಿಂದಾಯಿತೆಂಬುದಕ್ಕೆ ‘ವೈ ೩೬’.

ಗಾಯದ ಸಂಕೇತದ ಕೊನೆಯಲ್ಲಿ ಒಂದು ಅಕ್ಷರವಿರುವುದು, ತಿರುಳೆಲ್ಲವೂ ಅದರಲ್ಲಿಯೇ. ‘ಎ’ ಎಂದರೆ ಗಾಯಕ್ಕೆ ಚಿಕಿತ್ಸೆಯು ಇನ್ನೂ ನಡೆಯುತ್ತಿದೆ. ವೈದ್ಯರು ಹೊಸಬರಾದರೂ ಅದೇ ಅಕ್ಷರ. ‘ಡಿ’ ಎಂದರೆ ಗಾಯವು ಮಾಯುತ್ತಿದೆ. ಇದು ಮರುಭೇಟಿಯ ಆರೈಕೆ. ‘ಎಸ್’ ಎಂದರೆ ಗಾಯವು ಹೋಗಿ, ಅದರ ಫಲವು ಉಳಿದಿದೆ. ಕೈ ಮಡಿಸಿಹೋದ ಯೋಧನು ಬಂದರೆ ಮೊದಲು ಕೀಲಿನ ಬಿಗಿತವನ್ನು ಬರೆದು, ಅನಂತರ ಹಳೆಯ ಗಾಯವನ್ನು ‘ಎಸ್’ ಸಹಿತ ಬರೆಯತಕ್ಕದ್ದು. ಒಂದೇ ಮೈಯಲ್ಲಿ ಎದೆಯ ಗಾಯವು ಮಾಯದೆಯೂ ಕೈಯ ಗಾಯವು ಕಲೆಯಾಗಿಯೂ ಇರಬಹುದಾದುದರಿಂದ, ಒಂದೇ ಹಾಳೆಯಲ್ಲಿ ಎರಡು ಅಕ್ಷರಗಳೂ ಬರಲು ಅಡ್ಡಿಯಿಲ್ಲ.

ಇದು ಗುಮಾಸ್ತರ ಕೆಲಸ, ನಮಗೇನು ಎನ್ನಬಾರದು. ಆ ಅಕ್ಷರವನ್ನು ಬರೆಯದೆ ಬಿಟ್ಟರೆ ಮಡಿಸಿದ ಬೆರಳು ಬರಿಯ ಕೀಲುನೋವಾಗಿ ತೋರುವುದು. ಯುದ್ಧಕ್ಕೂ ಅದಕ್ಕೂ ಇರುವ ನಂಟು ಕಾಗದದಲ್ಲಿ ಕಡಿದುಹೋಗುವುದು. ಗಾಯಗೊಂಡವನು ತನ್ನ ನೋವನ್ನು ಹೊಸದಾಗಿ ರುಜುವಾತು ಮಾಡಬೇಕಾದೀತು.

ನಮ್ಮ ಮನೆಗಳಲ್ಲಿಯೂ ಸುಟ್ಟುಕೊಂಡು ಬದುಕಿದವರಿರಬಹುದು. ಅವರ ಆಸ್ಪತ್ರೆಯ ಕಾಗದಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಡಿರಿ. ಗಾಯ ಮುಚ್ಚಿದರೂ ಕೀಲು ನೀಡಿಸುವ ಅಭ್ಯಾಸವನ್ನು ವೈದ್ಯರು ಹೇಳುವವರೆಗೆ ನಿಲ್ಲಿಸಬೇಡಿರಿ. ಕಲೆಯನ್ನು ಬಿಸಿಲಿನಿಂದ ಕಾಪಾಡಿರಿ. ಹಳೆಯ ಕಲೆಯಲ್ಲಿ ಮಾಯದ ಹುಣ್ಣು ಎದ್ದರೆ, ಎಷ್ಟು ವರ್ಷಗಳಾಗಿದ್ದರೂ, ತಡಮಾಡದೆ ತೋರಿಸಿರಿ. ಇವೆಲ್ಲಕ್ಕೂ ಮೇಲಾಗಿ, ಅವರು ಎದುರಿಗೆ ಬಂದಾಗ ಮುಖ ತಿರುಗಿಸದೆ, ಕನಿಕರದ ನಿಟ್ಟುಸಿರನ್ನೂ ಬಿಡದೆ, ‘ಬನ್ನಿ, ಕೂತುಕೊಳ್ಳಿ’ ಎನ್ನಿರಿ. ಆ ಸಣ್ಣ ಊರಿನವರು ಮಾಡಿದುದೂ ಇಷ್ಟನ್ನೇ.