ಡಾಂಬರು ಬಳಿಯುವುದನ್ನು ಮುಂದೂಡಿದರೆ

ಜನವರಿಯ ಬೆಳಗು. ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ನ ಬ್ರಾನ್‌ಸ್ಟನ್, ಆಕ್ಸ್‌ಫರ್ಡ್ ಕಾಲುವೆಯೂ ಗ್ರ್ಯಾಂಡ್ ಯೂನಿಯನ್ ಕಾಲುವೆಯೂ ಕೂಡುವ ಊರು. ದಂಡೆಗೆ ಕಟ್ಟಿದ ಉಕ್ಕಿನ ದೋಣಿಯೊಳಗೆ ಎದ್ದವರಿಗೆ ಮೊದಲ ಕೆಲಸ ಚಹಾ ಕಾಯಿಸುವುದಲ್ಲ. ರಾತ್ರಿ ಹೊತ್ತಿಸಿಟ್ಟ ಒಲೆ ಆರಿದೆಯೇ ಎಂದು ನೋಡಬೇಕು, ಬೂದಿ ತೆಗೆಯಬೇಕು. ಕಿಟಕಿಯ ಅಂಚಿನಲ್ಲಿ ನಿಂತ ನೀರನ್ನು ಬಟ್ಟೆಯಿಂದ ಒರೆಸಬೇಕು. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆಯೆಂದು ಮೀಟರ್ ನೋಡಬೇಕು. ಕಡಿಮೆಯಿದ್ದರೆ ಎಂಜಿನ್ ಚಾಲು ಮಾಡಿ ಚಾರ್ಜ್ ಮಾಡಬೇಕು, ಆದರೆ ಎಂಟು ಗಂಟೆಯವರೆಗೆ ಕಾಯಬೇಕು. ದಂಡೆಗೆ ಕಟ್ಟಿ ನಿಂತ ದೋಣಿಯ ಎಂಜಿನ್ ಅನ್ನು ರಾತ್ರಿ ಎಂಟರಿಂದ ಬೆಳಗಿನ ಎಂಟರವರೆಗೆ ಓಡಿಸುವಂತಿಲ್ಲ. ಅಷ್ಟರಲ್ಲಿ ಟಾಯ್ಲೆಟ್‌ನ ಕ್ಯಾಸೆಟ್ ತುಂಬಿದೆ ಎಂಬುದು ನೆನಪಾಗುತ್ತದೆ. ಅದನ್ನು ಖಾಲಿ ಮಾಡುವ ಜಾಗ ಒಂದು ಮೈಲಿ ದೂರದಲ್ಲಿದೆ.

ಯೂಟ್ಯೂಬಿನಲ್ಲಿ ಈ ದೋಣಿಗಳ ವಿಡಿಯೊ ನೋಡುವವರು ನಮ್ಮ ದೇಶದಲ್ಲೂ ಕಡಿಮೆಯಿಲ್ಲ. ಹಸಿರು ದಂಡೆ, ಬಾತುಕೋಳಿ, ಚಿಮಣಿಯ ಹೊಗೆ, ಹೂಕುಂಡಗಳಿರುವ ದೋಣಿಯ ಮಾಡು. ಮುಂಬಯಿಯ ಒಂದು ಕೋಣೆಯ ಫ್ಲ್ಯಾಟಿನಲ್ಲಿ ರಾತ್ರಿ ಹನ್ನೊಂದಕ್ಕೆ ನೋಡಿದರೆ ಅದು ಸ್ವರ್ಗವೆಂದೇ ತೋರುತ್ತದೆ. ಬಾಡಿಗೆಯಿಲ್ಲ, ಟ್ರಾಫಿಕ್ ಇಲ್ಲ, ಬೇಸರವಾದರೆ ಮನೆಯನ್ನೇ ಬಿಚ್ಚಿಕೊಂಡು ಹೊರಡಬಹುದು. ವಿಡಿಯೊಗಳು ಸುಳ್ಳು ಹೇಳುವುದಿಲ್ಲ, ಆದರೆ ಅರ್ಧವನ್ನೇ ಹೇಳುತ್ತವೆ. ನ್ಯಾರೋಬೋಟ್ ಎಂಬುದು ಅಗ್ಗದ ಮನೆಯಲ್ಲ. ದಿನವೂ ಆರೈಕೆ ಕೇಳುವ, ಮುಂದೂಡಿದ ಕೆಲಸವನ್ನು ಕ್ಷಮಿಸದ ಮನೆ. ಈಗ ಬ್ರಿಟನ್ನಿನಲ್ಲಿ ನಡೆಯುತ್ತಿರುವ ವಿಚಿತ್ರವೆಂದರೆ, ಈ ಶಿಸ್ತನ್ನು ದೋಣಿಯವರಿಂದ ಕಾನೂನುಬದ್ಧವಾಗಿ ಕೇಳುವ ವ್ಯವಸ್ಥೆಯೇ ದೋಣಿ ತೇಲುವ ಕಾಲುವೆಯ ವಿಷಯದಲ್ಲಿ ಅದನ್ನು ಕೈಬಿಡುತ್ತಿದೆ.

ಮೊದಲು ದೋಣಿಯನ್ನು ನೋಡೋಣ. ಅದರ ಅಗಲ ಸುಮಾರು 6 ಅಡಿ 10 ಇಂಚು, ಅದಕ್ಕಿಂತ ಹೆಚ್ಚಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಮತ್ತು ಅವನ ನಂತರದವರು ಕಲ್ಲಿದ್ದಲು, ಪಿಂಗಾಣಿ, ಉಪ್ಪು ಸಾಗಿಸಲು ಕಾಲುವೆ ತೋಡಿದಾಗ ಹಲವೆಡೆ ಲಾಕ್‌ಗಳನ್ನು 7 ಅಡಿ ಅಗಲಕ್ಕೇ ಕಟ್ಟಿದರು. ಲಾಕ್ ಎಂದರೆ ದೋಣಿಯನ್ನು ಮೇಲಿನ ಮಟ್ಟದಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ನೀರಿನಿಂದಲೇ ಎತ್ತಿಳಿಸುವ, ಎರಡೂ ಕಡೆ ಬಾಗಿಲಿರುವ ಕಲ್ಲಿನ ತೊಟ್ಟಿ. ಅಗಲ ಕಡಿಮೆಯಾದರೆ ಕಟ್ಟುವ ಖರ್ಚೂ ಕಡಿಮೆ, ಬೇಕಾಗುವ ನೀರೂ ಕಡಿಮೆ. ಆ ದಿನಗಳ ಉಳಿತಾಯದ ಲೆಕ್ಕವೇ ಇಂದಿಗೂ ಸಾವಿರಾರು ಜನರ ಮಲಗುವ ಕೋಣೆಯ ಅಗಲವನ್ನು ನಿರ್ಧರಿಸುತ್ತಿದೆ. ಉದ್ದ ಬೇಕಾದರೆ 70 ಅಡಿ ದಾಟಬಹುದು. ಆದರೆ ಎಲ್ಲ ಕಡೆ ಓಡಾಡಬೇಕೆನ್ನುವವರು 57 ಅಡಿಗೆ ನಿಲ್ಲಿಸುತ್ತಾರೆ, ಉತ್ತರದ ಕೆಲವು ಲಾಕ್‌ಗಳು ಅಷ್ಟೇ ಉದ್ದ.

ದೋಣಿಯ ಒಡಲು ಉಕ್ಕಿನದು. ಇಂದಿನ ದೋಣಿಗಳಲ್ಲಿ ಸಾಮಾನ್ಯವಾಗಿ ತಳ 10 ಮಿಲಿಮೀಟರ್, ಪಕ್ಕಗಳು 6, ಮೇಲಿನ ಕ್ಯಾಬಿನ್ 4. ಉಕ್ಕು ನೀರಲ್ಲಿದ್ದರೆ ತುಕ್ಕು ಹಿಡಿಯುತ್ತದೆ, ಇದರಲ್ಲಿ ರಹಸ್ಯವೇನಿಲ್ಲ. ಆದ್ದರಿಂದ ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ನೀರಿನಿಂದ ಹೊರತೆಗೆದು, ಜೋರಾದ ನೀರಿನ ಧಾರೆಯಿಂದ ಪಾಚಿ ತೊಳೆದು, ತುಕ್ಕು ಕೆರೆದು, ಎರಡು ಮೂರು ಪದರ ಡಾಂಬರು ಬಳಿಯಬೇಕು. ಮಾಡಿಸಿದರೆ ನೂರಾರು ಪೌಂಡು, ದೊಡ್ಡ ದೋಣಿಗೆ ಸಾವಿರವೂ ದಾಟಬಹುದು. ಒಡಲಿಗೆ ಮೆಗ್ನೀಸಿಯಂ ತುಂಡುಗಳನ್ನು ಬೆಸುಗೆ ಹಾಕಿರುತ್ತಾರೆ. ಉಕ್ಕಿನ ಬದಲು ತಾವು ಸವೆಯುವುದೇ ಅವುಗಳ ಕೆಲಸ. ಮರೀನಾದಲ್ಲಿ ದಂಡೆಯಿಂದ ವಿದ್ಯುತ್ ಪಡೆಯುವ ದೋಣಿಗಳಿಗೆ ಇನ್ನೊಂದು ಕಾಟವಿದೆ. ಅರ್ತ್ ತಂತಿಯ ಮೂಲಕ ಅಕ್ಕಪಕ್ಕದ ದೋಣಿಗಳೆಲ್ಲ ಸೇರಿ ಒಂದು ಬ್ಯಾಟರಿಯಂತಾಗಿ, ಯಾರದೋ ದೋಣಿಯ ಉಕ್ಕು ಸದ್ದಿಲ್ಲದೆ ಕರಗುತ್ತದೆ. ಅದನ್ನು ತಡೆಯುವ ಸಣ್ಣ ಸಾಧನ ಹಾಕಿಸದವರಿಗೆ ಇದು ಗೊತ್ತಾಗುವುದು ಸರ್ವೇ ಮಾಡುವವರು ಬಂದು ಉಕ್ಕಿನ ದಪ್ಪ ಅಳೆದಾಗ. ಉಕ್ಕು ತೀರ ತೆಳುವಾಗಿದ್ದರೆ ವಿಮೆ ಸಿಗುವುದು ಕಷ್ಟ. ಆಗ ಹೊಸ ತಗಡನ್ನು ಮೇಲೆ ಬೆಸೆಯಬೇಕು, ಅದರ ಖರ್ಚಿನ ಮುಂದೆ ಡಾಂಬರಿನ ಖರ್ಚು ಏನೇನೂ ಅಲ್ಲ.

ಒಳಗಿನ ಕೆಲಸಗಳೂ ಹೀಗೆಯೇ. ಪ್ರೊಪೆಲ್ಲರಿನ ದಂಡ ದೋಣಿಯಿಂದ ಹೊರಹೋಗುವ ತೂತಿನಲ್ಲಿ ನೀರು ನುಗ್ಗದಂತೆ ಗ್ರೀಸ್ ತುಂಬಿರುತ್ತದೆ. ದಿನದ ಪ್ರಯಾಣ ಮುಗಿದ ಮೇಲೆ ಒಂದು ಹಿಡಿಯನ್ನು ಒಂದೆರಡು ಸುತ್ತು ತಿರುಗಿಸಿದರೆ ಸಾಕು. ತಿರುಗಿಸದಿದ್ದರೆ ಹನಿ ಹನಿಯಾಗಿ ಒಳಬಂದ ನೀರನ್ನು ಪಂಪು ಹೊರಹಾಕುತ್ತಿರುತ್ತದೆ, ಬ್ಯಾಟರಿ ಸತ್ತ ರಾತ್ರಿ ಪಂಪೂ ನಿಲ್ಲುತ್ತದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಅದರ ಆಯಸ್ಸು ಮುಗಿದಂತೆ. ಕಟ್ಟಿಗೆ, ಕಲ್ಲಿದ್ದಲಿನ ಒಲೆಯ ಕೊಳವೆ ಕಟ್ಟಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ತುಂಬಿ, ಮಲಗಿದವರು ಏಳದೇ ಹೋಗಬಹುದು. 2019ರ ಏಪ್ರಿಲಿನಿಂದ ಅದರ ಅಲಾರಂ ಕಡ್ಡಾಯವಾಗಿದೆ. ಪ್ರತಿ ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷಕರು ಬಂದು ಗ್ಯಾಸು, ಡೀಸೆಲ್, ವಿದ್ಯುತ್ ಎಲ್ಲ ನೋಡಿ ಸುರಕ್ಷತಾ ಪ್ರಮಾಣಪತ್ರ ಕೊಡಬೇಕು. ಅದೂ ವಿಮೆಯೂ ಇಲ್ಲದಿದ್ದರೆ ದೋಣಿಗೆ ಪರವಾನಗಿ ಇಲ್ಲ.

ಇಷ್ಟನ್ನೂ ದೋಣಿಯವರಿಂದ ಕೇಳುವುದು ನ್ಯಾಯವೇ. ಒಬ್ಬರ ಮೈಮರೆವಿಗೆ ಇನ್ನೊಬ್ಬರು ಬೆಲೆ ತೆರುವ ಜಾಗ ಅದು. 2018ರ ಮಾರ್ಚಿನಲ್ಲಿ ಚೆಶೈರ್‌ನ ಮಿಡಲ್‌ವಿಚ್ ಬಳಿ ಕಾಲುವೆಯ ಏರಿ ಒಡೆದು ದೊಡ್ಡ ಕಂದಕವೇ ಬಿತ್ತು. ಲಾಕ್‌ನ ನೀರು ಬಿಡುವ ಹಲಗೆಗಳನ್ನು ಯಾರೋ ಮುಚ್ಚದೆ ಹೋದದ್ದರಿಂದ ನೀರು ಉಕ್ಕಿ ಹರಿದು ಏರಿ ಕೊಚ್ಚಿಹೋಯಿತೆಂದು ಕಾಲುವೆ ನೋಡಿಕೊಳ್ಳುವ ಸಂಸ್ಥೆ ತೀರ್ಮಾನಿಸಿತು. ದುರಸ್ತಿಗೆ ಸುಮಾರು 30 ಲಕ್ಷ ಪೌಂಡು ಖರ್ಚಾಯಿತು, ಆ ದಾರಿ ಮತ್ತೆ ತೆರೆದದ್ದು ಡಿಸೆಂಬರಿನಲ್ಲಿ.

ಆ ಸಂಸ್ಥೆಯ ಹೆಸರು ಕೆನಾಲ್ ಅಂಡ್ ರಿವರ್ ಟ್ರಸ್ಟ್. 2012ರಲ್ಲಿ ಸರ್ಕಾರಿ ನಿಗಮದ ಕೈಯಿಂದ ಇಂಗ್ಲೆಂಡ್ ಮತ್ತು ವೇಲ್ಸಿನ ಸುಮಾರು 2,000 ಮೈಲಿ ಜಲಮಾರ್ಗ ಈ ಧರ್ಮಾರ್ಥ ಸಂಸ್ಥೆಗೆ ಬಂತು. ಜೊತೆಗೆ ಇನ್ನೂರು ವರ್ಷ ದಾಟಿದ ಲಾಕ್‌ಗಳು, ಸೇತುವೆಗಳು, ಸುರಂಗಗಳು, ಜಲಾಶಯಗಳು ಬಂದವು. 2019ರ ಆಗಸ್ಟಿನಲ್ಲಿ ಜೋರು ಮಳೆಗೆ ಟಾಡ್‌ಬ್ರೂಕ್ ಜಲಾಶಯದ ಕೋಡಿ ಕುಸಿದಾಗ ಕೆಳಗಿನ ವೇಲೀ ಬ್ರಿಜ್ ಊರಿನಿಂದ ಸುಮಾರು 1,500 ಜನರನ್ನು ಹೊರಗೆ ಕಳಿಸಬೇಕಾಯಿತು. ಆ ಜಲಾಶಯ ಕಟ್ಟಿದ್ದೇ ಕಾಲುವೆಗೆ ನೀರೂಡಿಸಲು. 2025ರ ಬೇಸಿಗೆಯಲ್ಲಿ ಮಳೆಯಿಲ್ಲದೆ ಲೀಡ್ಸ್–ಲಿವರ್‌ಪೂಲ್ ಕಾಲುವೆಯ ಉದ್ದುದ್ದ ಭಾಗಗಳನ್ನು ಮುಚ್ಚಿದರು. ಒಂದು ದೋಣಿ ಒಂದು ಕಿರಿದಾದ ಲಾಕ್ ದಾಟಿದರೆ ಲಕ್ಷ ಲೀಟರಿಗೂ ಹೆಚ್ಚು ನೀರು ಕೆಳಗಿಳಿಯುತ್ತದೆ. ಜಲಾಶಯ ಬತ್ತಿದರೆ ದೋಣಿ ನಿಂತಲ್ಲೇ ನಿಲ್ಲಬೇಕು.

ಹವಾಮಾನ ಹೀಗೆ ಎರಡೂ ಕಡೆಯಿಂದ ಹಿಂಡುತ್ತಿರುವ ಹೊತ್ತಿನಲ್ಲಿ ಬ್ರಿಟಿಷ್ ಸರ್ಕಾರ 2023ರ ಜುಲೈನಲ್ಲಿ ಒಂದು ನಿರ್ಧಾರ ಪ್ರಕಟಿಸಿತು. 2027ರಿಂದ ಹತ್ತು ವರ್ಷ ಟ್ರಸ್ಟಿಗೆ ಅನುದಾನ ಮುಂದುವರಿಯುತ್ತದೆ, ಆದರೆ ವರ್ಷ ವರ್ಷವೂ ಶೇ. 5ರಂತೆ ಇಳಿಯುತ್ತದೆ. ಬೆಲೆಯೇರಿಕೆ ಸೇರಿಸಿದರೆ ಹತ್ತು ವರ್ಷದಲ್ಲಿ 30 ಕೋಟಿ ಪೌಂಡಿಗೂ ಹೆಚ್ಚು ನಷ್ಟವೆಂಬುದು ಟ್ರಸ್ಟಿನ ಲೆಕ್ಕ.

ಮುಂಬಯಿ, ಪುಣೆಯ ಹೌಸಿಂಗ್ ಸೊಸೈಟಿಗಳಲ್ಲಿರುವವರಿಗೆ ಈ ಕಥೆ ಚೆನ್ನಾಗಿ ಗೊತ್ತು. ತಿಂಗಳ ಬಿಲ್ಲಿನಲ್ಲಿ ಸಿಂಕಿಂಗ್ ಫಂಡ್ ಎಂಬ ಒಂದು ಸಾಲಿರುತ್ತದೆ. ವಾರ್ಷಿಕ ಸಭೆಯಲ್ಲಿ ಅದನ್ನು ಏರಿಸುವ ಮಾತೆತ್ತಿದವರು ಎಲ್ಲರ ಶತ್ರು. ಟೆರೇಸು ಸೋರಿ, ಪಿಲ್ಲರಿನ ಕಬ್ಬಿಣ ಹೊರಬಂದ ಮೇಲೆ ಅದೇ ಸದಸ್ಯರು ಲಕ್ಷದ ಲೆಕ್ಕದಲ್ಲಿ ಕೊಡುತ್ತಾರೆ. ಉಳಿಸಿದೆವು ಎಂದುಕೊಂಡ ಹಣ ಉಳಿದಿರುವುದಿಲ್ಲ, ಸಾಲವಾಗಿ ಬೆಳೆದಿರುತ್ತದೆ.

ಕೊರತೆಯನ್ನು ತುಂಬಲು ಟ್ರಸ್ಟ್ ಕಂಡುಕೊಂಡ ದಾರಿಗಳಲ್ಲಿ ಒಂದು ದೋಣಿಯವರ ಪರವಾನಗಿ ಶುಲ್ಕ. ಸ್ವಂತ ತಂಗುದಾಣವಿಲ್ಲದ ದೋಣಿಗಳಿಗೆ 2024ರ ಏಪ್ರಿಲಿನಿಂದ ಶೇ. 5ರಷ್ಟು ಹೆಚ್ಚುವರಿ ಶುಲ್ಕ ಬಂತು, ಅದು ವರ್ಷ ವರ್ಷವೂ ಏರುತ್ತ 2028ಕ್ಕೆ ಶೇ. 25 ಮುಟ್ಟುತ್ತದೆ. ಇವರು 1995ರ ಕಾಯಿದೆಯ ಪ್ರಕಾರ ಒಂದೇ ಜಾಗದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲದೆ ವರ್ಷವಿಡೀ ಸಾಗುತ್ತಲೇ ಇರಬೇಕಾದವರು. ಕೆಲವರು ನಿವೃತ್ತರು, ಇಷ್ಟಪಟ್ಟು ಅಲೆಯುವವರು. ಆದರೆ ಲಂಡನ್, ಬ್ರಿಸ್ಟಲ್, ಬಾತ್ ಸುತ್ತಮುತ್ತ ಮನೆ ಬಾಡಿಗೆ ಕೈಗೆಟುಕದೆ ನೀರಿಗಿಳಿದವರೂ ಅನೇಕರಿದ್ದಾರೆ. ಅವರಿಗೆ ಶಾಶ್ವತ ವಿಳಾಸವಿಲ್ಲ. ವೈದ್ಯರಲ್ಲಿ ಹೆಸರು ನೋಂದಾಯಿಸುವುದು, ಅಂಚೆ ಪಡೆಯುವುದು, ಮಕ್ಕಳ ಶಾಲೆ, ಎಲ್ಲವೂ ಪ್ರತಿ ಎರಡು ವಾರಕ್ಕೊಮ್ಮೆ ಜಾಗ ಬದಲಿಸುತ್ತಲೇ ಆಗಬೇಕು.

ಟ್ರಸ್ಟಿನ ಪರವಾಗಿಯೂ ಮಾತಿದೆ. ತಂಗುದಾಣವಿರುವವರು ಅದಕ್ಕೆ ಬೇರೆ ಬಾಡಿಗೆ ಕೊಡುತ್ತಾರೆ, ಇಲ್ಲದವರು ದಂಡೆ, ನೀರಿನ ನಲ್ಲಿ, ಕಸದ ತೊಟ್ಟಿ, ಕ್ಯಾಸೆಟ್ ಖಾಲಿ ಮಾಡುವ ಜಾಗಗಳನ್ನು ಹೆಚ್ಚು ಬಳಸುತ್ತಾರೆ. ಲಂಡನ್ನಿನ ರೀಜೆಂಟ್ಸ್ ಕಾಲುವೆಯಲ್ಲಿ ದೋಣಿ ಕಟ್ಟಲು ಜಾಗ ಹುಡುಕುವುದು ದಾದರಿನಲ್ಲಿ ಕಾರು ನಿಲ್ಲಿಸಿದಂತೆ. ನೂರು ಗಜ ಮುಂದೆ ಹೋಗಿ ಹಿಂದೆ ಬಂದು ನಿಯಮ ಪಾಲಿಸಿದೆವೆನ್ನುವವರೂ ಇದ್ದಾರೆ. ಹೆಚ್ಚು ಬಳಸುವವರು ತುಸು ಹೆಚ್ಚು ಕೊಡಲಿ ಎಂಬುದು ಕೇಳಿದ ತಕ್ಷಣ ತಳ್ಳಿಹಾಕುವ ಮಾತಲ್ಲ.

ಆದರೂ ಈ ಲೆಕ್ಕ ತಲೆಕೆಳಗಾಗಿದೆ. ಕಾಲುವೆ ಬದುಕಿರುವುದು ದೋಣಿ ಓಡಾಡುವುದರಿಂದ. ಓಡಾಡುವ ದೋಣಿ ಹೂಳು, ಕಳೆಯನ್ನು ಅಲುಗಿಸುತ್ತದೆ. ಲಾಕ್‌ನ ಬಾಗಿಲು ಸೋರುತ್ತಿದೆ, ಮರ ಬಿದ್ದಿದೆ, ಏರಿಯಲ್ಲಿ ನೀರು ಜಿನುಗುತ್ತಿದೆ ಎಂದು ಮೊದಲು ಕಾಣುವುದು ಅದರ ಮೇಲಿರುವವರಿಗೆ. ಹೀಗೆ ಸಾಗುತ್ತಿರಬೇಕೆಂದು ಕಾನೂನೇ ಹೇಳಿದವರ ಮೇಲೆ, ಸಾಗುವುದಕ್ಕೇ ದಂಡ ಹಾಕಿದಂತಿದೆ ಈ ಶುಲ್ಕ. ಅದೂ ಆದಾಯ ನೋಡದೆ.

ಇನ್ನು ಕಾಲುವೆಯ ಫಲ ಉಣ್ಣುವವರು ದೋಣಿಯವರು ಮಾತ್ರವಲ್ಲ. ಲ್ಯಾಂಗೋಲೆನ್ ಕಾಲುವೆ ಡೀ ನದಿಯ ನೀರನ್ನು ಚೆಶೈರ್‌ನ ಹರ್ಲ್‌ಸ್ಟನ್ ಜಲಾಶಯಕ್ಕೆ ಒಯ್ಯುತ್ತದೆ, ಅದು ಕುಡಿಯುವ ನೀರು. ಬ್ರಿಸ್ಟಲ್ ನಗರದ ನೀರಿನ ದೊಡ್ಡ ಪಾಲು ಬರುವುದು ಗ್ಲೌಸ್ಟರ್–ಶಾರ್ಪ್‌ನೆಸ್ ಕಾಲುವೆಯಿಂದ. ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಂಡೆಯ ದಾರಿಯಲ್ಲಿ ಈಗ ಊರಿನವರು ನಡೆಯುತ್ತಾರೆ, ಓಡುತ್ತಾರೆ, ಸೈಕಲ್ ಹೊಡೆಯುತ್ತಾರೆ, ಶುಲ್ಕವಿಲ್ಲದೆ. ಇವರೆಲ್ಲರ ಪರವಾಗಿ ಕೊಡಬೇಕಾದದ್ದು ಸರ್ಕಾರ. ಅದು ಕೈ ಹಿಂದೆಗೆದಾಗ, ಬಿಲ್ಲು ಹೋಗುವುದು ಹೆಸರೂ ನಂಬರೂ ಬರೆದುಕೊಂಡು ಸುಲಭವಾಗಿ ಸಿಗುವ ದೋಣಿಯವರ ಬಾಗಿಲಿಗೆ.

ದೋಣಿ ಹೋದ ಕಾಲುವೆ ಏನಾಗುತ್ತದೆ ಎಂದು ನೋಡಲು ಚೆನ್ನೈನ ಓದುಗರು ಇಂಗ್ಲೆಂಡಿಗೆ ಹೋಗಬೇಕಿಲ್ಲ. ಬ್ರಿಟಿಷರ ಕಾಲದಲ್ಲೇ ಬೆಳೆದು, 1876–78ರ ಕ್ಷಾಮದ ಪರಿಹಾರ ಕಾಮಗಾರಿಯಲ್ಲಿ ನಗರದ ಮಧ್ಯೆ ಜೋಡಣೆಯಾಗಿ, ಮದ್ರಾಸಿನ ಗವರ್ನರನ ಹೆಸರು ಹೊತ್ತ ಬಕಿಂಗ್‌ಹ್ಯಾಮ್ ಕಾಲುವೆಯಲ್ಲಿ ಒಂದು ಕಾಲಕ್ಕೆ ಆಂಧ್ರದ ಕರಾವಳಿಯಿಂದ ಸರಕು ತುಂಬಿದ ದೋಣಿಗಳು ಬರುತ್ತಿದ್ದವು. ದೋಣಿ ನಿಂತಿತು, ಹೂಳು ತುಂಬಿತು, ಚರಂಡಿಯ ನೀರು ಸೇರಿತು. ಕೊನೆಗೆ ನಗರ ರೈಲಿನ ಕಂಬಗಳನ್ನು ಅದರೊಳಗೇ ನೆಟ್ಟರು. ಮಳೆ ಜೋರಾದಾಗ ಅದಕ್ಕೆ ತೆರುವ ಬೆಲೆ ಯಾವ ಇಲಾಖೆಯ ಲೆಕ್ಕದಲ್ಲೂ ಒಂದೇ ಸಾಲಿನಲ್ಲಿ ಸಿಗುವುದಿಲ್ಲ.

ಇಂಗ್ಲೆಂಡಿಗೂ ಈ ಪಾಠ ಹೊಸದಲ್ಲ. ಸರಕು ಸಾಗಣೆ ರೈಲಿಗೂ ಲಾರಿಗೂ ಹೋದ ಮೇಲೆ ಅಲ್ಲಿನ ಕಾಲುವೆಗಳು ಪಾಳುಬಿದ್ದಿದ್ದವು. ಟಾಮ್ ರೋಲ್ಟ್ ತಮ್ಮ ಕ್ರೆಸಿ ಎಂಬ ದೋಣಿಯ ಪ್ರಯಾಣ ಕುರಿತು ಬರೆದ ಪುಸ್ತಕ 1944ರಲ್ಲಿ ಬಂತು. ಅದರ ಬೆನ್ನಲ್ಲೇ 1946ರಲ್ಲಿ ಕಾಲುವೆ ಉಳಿಸುವ ಸಂಘ ಹುಟ್ಟಿತು. ವಾರಾಂತ್ಯಗಳಲ್ಲಿ ಕೆಸರಿಗಿಳಿದು ಹೂಳೆತ್ತಿದ ಸ್ವಯಂಸೇವಕರ ದುಡಿಮೆಯೂ ಸೇರಿ ಕೆನೆಟ್–ಏವನ್ ಕಾಲುವೆ 1990ರಲ್ಲಿ ಮತ್ತೆ ತೆರೆಯಿತು. ಮುಚ್ಚಿದ್ದನ್ನು ತೆರೆಯಲು ದಶಕಗಳೇ ಬೇಕಾದವು.

ಆದ್ದರಿಂದ ಅನುದಾನದ ಕಡಿತವನ್ನು ಸರ್ಕಾರ ಹಿಂದಕ್ಕೆ ಪಡೆಯಬೇಕು. ಅಲ್ಲಿಯವರೆಗೆ ತಂಗುದಾಣವಿಲ್ಲದವರ ಹೆಚ್ಚುವರಿ ಶುಲ್ಕ ಈಗಿರುವ ಮಟ್ಟದಲ್ಲೇ ನಿಲ್ಲಬೇಕು. ಏರಿಸಲೇಬೇಕಾದರೆ ಆ ಹಣದಿಂದ ನೀರಿನ ನಲ್ಲಿ, ಕ್ಯಾಸೆಟ್ ಖಾಲಿ ಮಾಡುವ ಜಾಗ ಎಷ್ಟು ದುರಸ್ತಿಯಾದವೆಂದು ಲೆಕ್ಕ ತೋರಿಸಿ ಏರಿಸಬೇಕು. ಡಾಂಬರು ಬಳಿಯದ ದೋಣಿಗೆ ವಿಮೆಯವರು ಕೇಳುವ ಪ್ರಶ್ನೆಯನ್ನು ಯಾರಾದರೂ ಈಗ ಕಾಲುವೆಯ ಬಗ್ಗೆ ಸರ್ಕಾರಕ್ಕೂ ಕೇಳಬೇಕು: ಕೊನೆಯ ಬಾರಿ ಹೊರತೆಗೆದು ನೋಡಿದ್ದು ಯಾವಾಗ?