ಇಬ್ಬನಿಯೂ ಅಜ್ಜಿಯ ಕಣ್ಣೂ

ಪುಷ್ಯಮಾಸದ ಇಬ್ಬನಿಯನ್ನು ನಮ್ಮ ತಳಿ, ದೆಂಕಣಿಕೋಟೆಗಳ ಕಡೆಯ ರೈತರು ಬಯ್ಯುವುದಿಲ್ಲ. ಅದು ಬಿದ್ದರೆ ತಾನೆ ಅವರೆಕಾಯಿಗೆ ಸೊಗಡು! ಆದರೆ ಅದೇ ಇಬ್ಬನಿಯು ಕಳೆದ ಚಳಿಗಾಲದಲ್ಲಿ ನನ್ನನ್ನು ಒಬ್ಬ ವೃದ್ಧೆಯ ಮುಂದೆ ತಪ್ಪಿತಸ್ಥನನ್ನಾಗಿ ನಿಲ್ಲಿಸಿತು. ಆ ಪ್ರಸಂಗವನ್ನೂ ಅದರಿಂದ ನಾನು ಕಲಿತ ಸಣ್ಣ ಕೈಕೆಲಸವನ್ನೂ ಈ ತಿಂಗಳು ವಾಚಕರ ಮುಂದಿಡುತ್ತೇನೆ.

ನಮ್ಮ ಶಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ ಕೊಡಿಸಿದ ಒಂದು ದೂರದರ್ಶಕವಿದೆ. ಅದರ ಮುಂದಿನ ಮಸೂರದ ವ್ಯಾಸ 80 ಮಿಲಿಮೀಟರು, ಸಂಗಮದೂರ 800 ಮಿಲಿಮೀಟರು. ಒಂದು ರಾತ್ರಿ ಶಾಲೆಯ ಅಂಗಳದಲ್ಲಿ ಊರವರಿಗೆಲ್ಲ ಮಹಾವ್ಯಾಧನ ಖಡ್ಗದಲ್ಲಿರುವ ನೀಹಾರಿಕೆಯನ್ನು ತೋರಿಸುತ್ತಿದ್ದೆ. ಮಕ್ಕಳು ನೋಡಿ ಹಿಗ್ಗಿದರು. ದೊಡ್ಡವರು ನೋಡಿ ತಲೆದೂಗಿದರು. ಎಲ್ಲರಿಗೂ ಕೊನೆಯಲ್ಲಿ, ಮೊಮ್ಮಗಳ ಕೈ ಹಿಡಿದು ಒಬ್ಬ ಅಜ್ಜಿ ಬಂದರು. ಬಹಳ ಹೊತ್ತು ಬಗ್ಗಿ ನೋಡಿ, "ಏನೂ ಕಾಣ್ಸಲ್ಲ ಮೇಷ್ಟ್ರೇ, ಬರೀ ಬೆಳ್ಳಗೈತೆ. ನನ್ನ ಕಣ್ಣೇ ಹೋಯ್ತೇನೋ" ಎಂದರು. ನಾನು ಹಿಂದುಮುಂದು ಯೋಚಿಸದೆ, "ಪೊರೆ ಬಂದಿರಬೇಕು ಅಜ್ಜೀ, ಹೊಸೂರಿಗೆ ಹೋಗಿ ತೋರಿಸಿ" ಎಂದುಬಿಟ್ಟೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಮೌನವಾಗಿ ಹೊರಟುಹೋದರು.

ಅನಂತರ ನಾನೇ ಇಣುಕಿದೆ. ನನಗೂ ಬರಿಯ ಬಿಳುಪು! ಟಾರ್ಚು ಬೆಳಗಿಸಿ ನೋಡಿದರೆ ಮಸೂರದ ತುಂಬ ಇಬ್ಬನಿ. ಗಾಬರಿಯಲ್ಲಿ ಪಂಚೆಯ ಅಂಚಿನಿಂದ ಒರೆಸಿದೆ. ಗಾಜಿನ ಮೇಲೆ ಎರಡು ಗೀರುಗಳು ಬಿದ್ದವು. ಒಂದೇ ರಾತ್ರಿಯಲ್ಲಿ ಎರಡು ತಪ್ಪು.

ಇಬ್ಬನಿಯು ಆಕಾಶದಿಂದ ಮಳೆಯಂತೆ ಬೀಳುವುದೆಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ. ನಿರ್ಮಲವಾದ ರಾತ್ರಿಯಲ್ಲಿ ಆಕಾಶದತ್ತ ಮುಖ ಮಾಡಿದ ವಸ್ತು ತನ್ನ ಉಷ್ಣವನ್ನು ವಿಕಿರಣದ ಮೂಲಕ ಕಳೆದುಕೊಂಡು, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆಗ ಗಾಳಿಯಲ್ಲಿರುವ ನೀರಾವಿ ಅದರ ಮೇಲೆ ಹನಿಗಟ್ಟುತ್ತದೆ. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ 1814ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟನು. ಬಯಲಿನಲ್ಲಿಟ್ಟ ಉಣ್ಣೆಗಿಂತ ರಟ್ಟಿನ ಮರೆಯಲ್ಲಿಟ್ಟ ಉಣ್ಣೆಗೆ ಇಬ್ಬನಿ ಕಡಿಮೆ ಹಿಡಿಯಿತು. ನಮ್ಮ ದನಗಾಹಿಗಳಿಗೂ ಇದು ಗೊತ್ತು: ಬೆಳಗ್ಗೆ ಬಯಲಿನ ಹುಲ್ಲೆಲ್ಲ ತೊಯ್ದಿದ್ದರೂ ಹೊಂಗೆಯ ಮರದಡಿಯ ಹುಲ್ಲು ಒಣಗಿಯೇ ಇರುತ್ತದೆ.

ಹಾಗಾದರೆ ಮಸೂರಕ್ಕೂ ಒಂದು ಮರದ ನೆರಳು ಬೇಕು. ಮಸೂರದ ವ್ಯಾಸದ ಒಂದೂವರೆಯಿಂದ ಎರಡರಷ್ಟು ಉದ್ದದ ಕೊಳವೆಯನ್ನು ಅದರ ಮುಂದಕ್ಕೆ ಚಾಚಿದರೆ, ಅದಕ್ಕೆ ಕಾಣುವ ಆಕಾಶ ಕಿರಿದಾಗಿ, ತಣ್ಣಗಾಗುವುದು ನಿಧಾನವಾಗುತ್ತದೆ. ನಮ್ಮ ದೂರದರ್ಶಕದೊಡನೆ ಬಂದ ಲೋಹದ ಟೊಪ್ಪಿಗೆ ತೀರ ಮೋಟಾಗಿತ್ತು. ಆದ್ದರಿಂದ ನೆಲಕ್ಕೆ ಹಾಸುವ ಸ್ಪಂಜಿನ ಚಾಪೆಯ ತುಂಡನ್ನು ಕತ್ತರಿಸಿ, ಸುತ್ತಿ, ಅಂಚುಗಳನ್ನು ಅಂಟಿಸಿದೆವು. ಒಳಗೆ ಕಪ್ಪು ಬಟ್ಟೆ ಹಚ್ಚಿದೆವು. ಮಸೂರದಿಂದ ಮುಂದಕ್ಕೆ 160 ಮಿಲಿಮೀಟರು ಇರಲಿ. ಟೊಪ್ಪಿಗೆಯ ಮೇಲೆ ಬಿಗಿಯಾಗಿ ಕೂರಲು ಹಿಂಬದಿಗೆ ಇನ್ನೊಂದಿಷ್ಟು ಬಿಡಿ. ತಗಡು ಬೇಡ, ಅದು ತಾನೇ ಬೇಗ ತಣ್ಣಗಾಗುತ್ತದೆ.

ಇದು ಇಬ್ಬನಿಯನ್ನು ತಡವಾಗಿಸುತ್ತದೆಯೇ ಹೊರತು ಪೂರ್ತಿಯಾಗಿ ತಡೆಯದು. ತೇವ ಹೆಚ್ಚಿದ ರಾತ್ರಿ ಸ್ವಲ್ಪ ಶಾಖ ಬೇಕು. 330 ಓಮಿನ, ಒಂದು ವಾಟ್ ಸಾಮರ್ಥ್ಯದ ಹತ್ತು ರೋಧಕಗಳನ್ನು ಸಮಾಂತರವಾಗಿ ಜೋಡಿಸಿ, ಬಟ್ಟೆಯ ಪಟ್ಟಿಯಲ್ಲಿ ಹೊಲಿದು, ಮಸೂರದ ಚೌಕಟ್ಟಿನ ಸುತ್ತ ಕಟ್ಟಬಹುದು. 12 ವೋಲ್ಟಿನ ಬ್ಯಾಟರಿಗೆ ಸೇರಿಸಿದರೆ ಸುಮಾರು 4.4 ವಾಟ್ ಶಾಖ ದೊರೆಯುತ್ತದೆ. ತಂತಿಯಲ್ಲಿ ಫ್ಯೂಸು ಇರಲೇಬೇಕು. ಇಷ್ಟಾಗಿಯೂ ಹನಿ ಕೂತರೆ ಒರೆಸಬೇಡಿ; ಕೂದಲು ಒಣಗಿಸುವ ಯಂತ್ರದ ಬೆಚ್ಚನೆಯ ಗಾಳಿಯನ್ನು ದೂರದಿಂದ ಬಿಡಿ. ಒದ್ದೆ ಮಸೂರಕ್ಕೆ ಮುಚ್ಚಳ ಹಾಕಿಟ್ಟರೆ ಬೂಷ್ಟು ಬೆಳೆಯುತ್ತದೆ.

ಇನ್ನೊಬ್ಬ ಶತ್ರುವೆಂದರೆ ದಾರಿತಪ್ಪಿ ಬಂದ ಬೆಳಕು. ಶಾಲೆಯ ಬಾಗಿಲಲ್ಲಿ ಬೀದಿದೀಪವಿದೆ. ಅದನ್ನು ಆರಿಸಿರೆಂದು ಕೇಳಲಾರೆ. ರಾಗಿ ಕೊಯ್ಲಿನ ಕಾಲದಲ್ಲಿ ಜವಳಗಿರಿಯ ಕಾಡಿನಿಂದ ಆನೆಗಳು ಬರುತ್ತವೆ. ಬೆಳಕನ್ನು ನಾವೇ ಕೊಳವೆಯೊಳಗೆ ತಡೆಯಬೇಕು. ಕೊಳವೆಗೆ ಕಪ್ಪು ಬಣ್ಣವಿದೆಯಲ್ಲ ಎನ್ನುವಿರಾ? ಕಿಟಕಿಯ ಬೆಳಕು ಬಿದ್ದ ಕರಿಹಲಗೆಯನ್ನು ಓರೆಯಿಂದ ನೋಡಿ: ಕಪ್ಪಾಗಿದ್ದರೂ ಥಳಥಳಿಸುತ್ತದೆ. ಕೊಳವೆಯ ಗೋಡೆಗೆ ಓರೆಯಾಗಿ ತಗುಲುವ ಬೆಳಕೂ ಹಾಗೆಯೇ ಜಾರಿ ನೇತ್ರಕಕ್ಕೆ ಬಂದು, ಮಂದವಾದ ನೀಹಾರಿಕೆಯನ್ನು ಮಸುಕುಗೊಳಿಸುತ್ತದೆ.

ಇದಕ್ಕೆ ಕರಿಹಲಗೆಯ ಬಣ್ಣಕ್ಕೇ ನಯವಾದ ಮರದ ಹೊಟ್ಟು ಬೆರೆಸಿ, ಒರಟಾಗಿ ಬಳಿದು, ಕೆಲವು ದಿನ ಚೆನ್ನಾಗಿ ಒಣಗಿಸಬೇಕು. ಇಲ್ಲವೆ ಕಪ್ಪು ಮಖಮಲ್ಲು ಅಂಟಿಸಬೇಕು. ಕೊಳವೆಯೊಳಗೆ ರಟ್ಟಿನ ಉಂಗುರಗಳನ್ನೂ ನಿಲ್ಲಿಸಬಹುದು. ಲೆಕ್ಕ ಸುಲಭ: ಮುಂದೆ ಮಸೂರ 80 ಮಿಲಿಮೀಟರು, ಹಿಂದೆ ಬಿಂಬದ ಅಗಲ 20 ಎಂದಿಟ್ಟುಕೊಂಡರೆ, ನಡುವಿನ ಉಂಗುರದ ರಂಧ್ರ ಅವುಗಳ ಸರಾಸರಿ, 50. ಇದಕ್ಕಿಂತ ಕಿರಿದಾದರೆ ನಮಗೆ ಬೇಕಾದ ಬೆಳಕೇ ಕತ್ತರಿಸಿಹೋಗುತ್ತದೆ. ಕನ್ನಡಿಯ ದೂರದರ್ಶಕವಾದರೆ ನೇತ್ರಕದ ಎದುರಿನ ಗೋಡೆಗೆ ಮೊದಲು ಮಖಮಲ್ಲು ಹಚ್ಚಿ. ಆದರೆ ಹೊಸೂರಿನ ಕಾರ್ಖಾನೆಗಳ ದೀಪಗಳಿಂದ ಇಡೀ ದಿಗಂತವೇ ಬೆಳಗುವುದನ್ನು ಯಾವ ಮಖಮಲ್ಲೂ ತಡೆಯಲಾರದು.

ನಮ್ಮ ನೆರೆಯ ಜವಾದಿ ಬೆಟ್ಟದ ಕಾವಲೂರಿನಲ್ಲಿ 1972ರಿಂದ ಒಂದು ಮೀಟರಿನ ದೂರದರ್ಶಕವೂ 1986ರಿಂದ 2.34 ಮೀಟರಿನದೂ ಇವೆ. ಅಂಥ ದೊಡ್ಡ ವೀಕ್ಷಣಾಲಯಗಳಲ್ಲಿಯೂ ಗಾಳಿಯ ತೇವ ಮಿತಿಮೀರಿದರೆ ಗುಮ್ಮಟವನ್ನು ಮುಚ್ಚುತ್ತಾರೆ. ಇಬ್ಬನಿಗೆ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ.

ಚಾಪೆಯ ಕವಚ ಸಿದ್ಧವಾದ ದಿನ ಅಜ್ಜಿಯ ಮನೆಗೆ ಹೋದೆ. ಮೊಮ್ಮಗಳು ಹೇಳಿದಳು: ಆ ರಾತ್ರಿಯಿಂದ ಅವರು ಕತ್ತಲಾದ ಮೇಲೆ ಅಂಗಳಕ್ಕೆ ಇಳಿದಿರಲಿಲ್ಲವಂತೆ. "ತಪ್ಪು ನಿಮ್ಮ ಕಣ್ಣಿನದಲ್ಲ, ನನ್ನ ಗಾಜಿನದು ಅಜ್ಜೀ" ಎಂದು ಕ್ಷಮೆ ಕೇಳಿ ಕರೆತಂದೆ. ಅವರು ನೋಡಿದರು. "ಹತ್ತಿ ಹಿಂಜಿ ಇಟ್ಟಂಗೈತೆ ಮೇಷ್ಟ್ರೇ" ಎಂದರು. ನೀಹಾರಿಕೆಯನ್ನು ಇದಕ್ಕಿಂತ ಸರಿಯಾಗಿ ಬಣ್ಣಿಸಿದವರನ್ನು ನಾನು ಕಂಡಿಲ್ಲ.

ಮರುದಿನ ತರಗತಿಯಲ್ಲಿ, ಮೂಲೆಯಲ್ಲಿ ಕೂತು ಸದಾ ತಪ್ಪಾಗಿ ಬರೆದುಕೊಳ್ಳುವ ಹುಡುಗನ ಪಕ್ಕಕ್ಕೆ ಹೋಗಿ ಕುಳಿತೆ. ಅಲ್ಲಿಂದ ಕರಿಹಲಗೆಯ ಅರ್ಧ ಭಾಗ ಬರೀ ಹೊಳಪು. ಈ ತಿಂಗಳು ಹಲಗೆಯನ್ನು ಎದುರು ಗೋಡೆಗೆ ಬದಲಾಯಿಸಿದ್ದೇವೆ.